ಕರ್ಮಣಿ ಪ್ರಯೋಗ ಕನ್ನಡದ್ದೇ: ಒಂದು ಸ್ಪಷ್ಟನೆ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಮೊಬೈಲ್‌ಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಕರ್ಮಣಿ ಪ್ರಯೋಗ ಇಂಗ್ಲಿಷಿನಿಂದ ಬಂದದ್ದು, ಬರೆದರೆ ತಪ್ಪು. ಕರ್ತೃ ಕಾಣದ ವಾಕ್ಯವೆಲ್ಲ ಕರ್ಮಣಿ." ಎರಡೂ ಸರಿಯಲ್ಲ.

ಕೆಲಸ ಮಾಡುವವರು ಕರ್ತೃ, ಆ ಕೆಲಸಕ್ಕೆ ಒಳಗಾಗುವುದು ಕರ್ಮ. "ಕಲೆಕ್ಟರು ರಜೆ ಘೋಷಿಸಿದರು" ಕರ್ತರಿ, ಇಲ್ಲಿ ಕ್ರಿಯಾಪದ ಕರ್ತೃವನ್ನು ಹಿಂಬಾಲಿಸುತ್ತದೆ. "ಕಲೆಕ್ಟರಿಂದ ರಜೆ ಘೋಷಿಸಲ್ಪಟ್ಟಿತು" ಕರ್ಮಣಿ. ಕರ್ತೃವಿಗೆ 'ಇಂದ' ಹತ್ತಿತು, ಧಾತುವಿಗೆ, ಅಂದರೆ ಕ್ರಿಯಾಪದದ ಮೂಲರೂಪಕ್ಕೆ, 'ಅಲ್ಪಡು' ಸೇರಿತು, ಕ್ರಿಯಾಪದ ಈಗ ರಜೆಯನ್ನು ಹಿಂಬಾಲಿಸಿ 'ಇತು' ಆಯಿತು. ಈ 'ಪಡು' ಅಚ್ಚ ದ್ರಾವಿಡ ಧಾತು. ಪಕ್ಕದ ಮಲಯಾಳಂನಲ್ಲೂ 'ಪೆಡುಗ' ಇದೇ ಕೆಲಸ ಮಾಡುತ್ತದೆ, ನೀವು ದಿನಾ ಕೇಳ್ತೀರಿ ಅಲ್ವಾ?

ದ್ರಾವಿಡ ಭಾಷೆಗಳಿಗೆ ಮೂಲದಲ್ಲಿ ನಿಜವಾದ ಕರ್ಮಣಿ ಇಲ್ಲ ಎಂದು ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ವಿದ್ವಾಂಸ ಕಾಲ್ಡ್‌ವೆಲ್ 1856ರಲ್ಲೇ ಬರೆದಿದ್ದರು. ಅದು ಮೂಲದ ಮಾತು, ಬರೆಯಬಾರದು ಎಂಬ ನಿಯಮವಲ್ಲ. ಆಡುಮಾತಿನಲ್ಲಿ ಇದರ ಬಳಕೆ ಕಡಿಮೆ, ನಿಜ. ನಾವು ಸುಮ್ನೆ "ರಜೆ ಕೊಟ್ಟಿದ್ದಾರೆ" ಅಂತೀವಿ. ಅದೇ ಚೆಂದ ಕೂಡ.

ಆದರೆ ಅದು ಕರ್ಮಣಿ ಅಲ್ಲ! 'ಅವರು' ಅನ್ನೋದು ಬಾಯಲ್ಲಿ ಬಂದಿಲ್ಲ ಅಷ್ಟೆ, ಕ್ರಿಯಾಪದದ ತುದಿಯ 'ಆರೆ'ಯಲ್ಲಿ ಕರ್ತೃ ಕೂತಿದೆ. "ಮರ ಬಿತ್ತು" ಕೂಡ ಕರ್ಮಣಿಯಲ್ಲ. ಬೀಳುವುದಕ್ಕೆ ಕರ್ಮವೇ ಇಲ್ಲ.

ಮಕ್ಕಳೇ, ಪ್ರಯೋಗ ಬದಲಿಸಿ ಎಂದು ಕೇಳಿದರೆ ಧೈರ್ಯವಾಗಿ 'ಅಲ್ಪಡು' ಬರೆಯಿರಿ.