ಓಡುವವನನ್ನು ಮೊದಲೇ ಇಳಿಸಬೇಡಿ

ಪೋಕೆಮಾನ್ ಆಡುವ ನಮ್ಮ ಕಡೆಯ ಹುಡುಗರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ. "ಅಲಕಜಾಮ್ ವೇಸ್ಟ್ ಅಣ್ಣಾ, ಒಂದೇ ಏಟಿಗೆ ಹೋಗ್ತದೆ." ವೀವೈಲ್ ಬಗ್ಗೆಯೂ ಇದೇ ಮಾತು, ಗೆಂಗಾರ್ ಬಗ್ಗೆಯೂ ಇದೇ ಮಾತು. ಮೂರೂ ವೇಗದಲ್ಲಿ ಮುಂದೆ, ಮೈಯಲ್ಲಿ ಬಡಕಲು ಇರುವ ಪೋಕೆಮಾನ್‌ಗಳು. ಆಮೇಲೆ ಅವರ ಟೀಮ್ ನೋಡಿದರೆ ಆರಕ್ಕೆ ಆರೂ ಗಟ್ಟಿಪಿಂಡಗಳು. ಹೊಡೆತ ತಿಂದು ನಿಲ್ಲುತ್ತವೆ, ಸರಿ. ಆದರೆ ಪಂದ್ಯ ಮುಗಿಸುವುದಕ್ಕೆ ಒಂದೂ ಇಲ್ಲ.

ನನಗೆ ಈ ಮಾತು ಒಪ್ಪಿಗೆ ಇಲ್ಲ. ಒಂದೇ ಏಟಿಗೆ ಹೋಗುತ್ತದೆ, ನಿಜ. ಆದರೆ ಆ ಏಟು ಬೀಳುವ ಜಾಗಕ್ಕೆ ಅದನ್ನು ಕಳಿಸಿದ್ದು ಯಾರು? ಮೊದಲ ಸರದಿಯಲ್ಲೇ ಇಳಿಸಿ, ಎದುರಿನವನ ಹತ್ತಿರ ಏನಿದೆ ಅಂತ ನೋಡದೆ ಹೊಡೆಸಿ, ಬಿದ್ದ ಮೇಲೆ ಬಡಕಲು ಅಂತ ಬೈದರೆ ಹೇಗೆ?

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಪೋಕೆಮಾನ್ ಅಂದರೆ ಕಾದಾಡುವ ಕಾಲ್ಪನಿಕ ಜೀವಿಗಳು. ಇಬ್ಬರು ಆಟಗಾರರು ಆರಾರರ ಟೀಮ್ ತಂದು ಒಂದೊಂದನ್ನೇ ಕಣಕ್ಕೆ ಇಳಿಸುತ್ತಾರೆ. ಪ್ರತಿ ಪೋಕೆಮಾನ್‌ಗೂ ಆರು ಅಂಕಿ ಇರುತ್ತವೆ. ಜೀವ, ಎರಡು ಥರದ ಅಟ್ಯಾಕ್, ಎರಡು ಥರದ ಡಿಫೆನ್ಸ್, ಕೊನೆಗೆ ಸ್ಪೀಡ್. ಅಲಕಜಾಮ್‌ನ ಮೂಲ ಅಂಕಿ ನೋಡಿ: ಸ್ಪೆಷಲ್ ಅಟ್ಯಾಕ್ 135, ಸ್ಪೀಡ್ 120. ಜೀವ ಮಾತ್ರ 55, ಡಿಫೆನ್ಸ್ 45. ಇದು ಸರದಿ ಆಟ. ಇಬ್ಬರೂ ತಮ್ಮ ತಮ್ಮ ಏಟು ಆರಿಸಿದ ಮೇಲೆ ಯಾರ ಸ್ಪೀಡ್ ಜಾಸ್ತಿಯೋ ಅವರ ಏಟು ಮೊದಲು ಬೀಳುತ್ತದೆ. ಎದುರಿನವನು ಅದಕ್ಕೇ ಬಿದ್ದರೆ ಅವನಿಗೆ ಹೊಡೆಯಲು ಅವಕಾಶವೇ ಇಲ್ಲ. ಆಗ ನಮ್ಮ ಡಿಫೆನ್ಸ್ 45 ಇದ್ದರೇನು, 200 ಇದ್ದರೇನು?

ಬೆರಳಿನ ವೇಗಕ್ಕೂ ನೆಟ್ ವೇಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಮ್ಮ ಕೊಡಗಿನವರಿಗೆ ಇದು ದೊಡ್ಡ ವಿಷಯ. ಜೂನ್, ಜುಲೈ ಮಳೆಯಲ್ಲಿ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್ ಬ್ಯಾಟರಿಯೂ ಹೋಗುತ್ತದೆ. ತೋಟದ ಮನೆಗಳಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಕ್ಕರೆ ಪುಣ್ಯ. ಗುಂಡು ಹಾರಿಸುವ ಆಟಗಳನ್ನು ಆ ಸಿಗ್ನಲ್‌ನಲ್ಲಿ ಆಡುವುದಕ್ಕೇ ಆಗುವುದಿಲ್ಲ. ಪೋಕೆಮಾನ್ ಶೋಡೌನ್ ಹಾಗಲ್ಲ. ಬ್ರೌಸರ್‌ನಲ್ಲಿ ಪುಕ್ಕಟೆ ತೆರೆಯುತ್ತದೆ, ಟೈಮರ್ ಮುಗಿಯುವುದರೊಳಗೆ ಒಂದು ಬಟನ್ ಒತ್ತಿದರೆ ಸಾಕು. ಬೆಂಗಳೂರಿನ ಫೈಬರ್ ನೆಟ್‌ನವನೂ ಕಕ್ಕಬ್ಬೆಯ ಮೂಲೆಯ ಹುಡುಗನೂ ಇಲ್ಲಿ ಸಮ.

ಸ್ಪೀಡ್ ಅಂಕಿಯ ವಿಚಾರಕ್ಕೆ ಬರುತ್ತೇನೆ, ಯಾಕೆಂದರೆ ಅರ್ಧ ಆಟ ಅಲ್ಲೇ ಇದೆ. ಲೆವೆಲ್ 100ರಲ್ಲಿ, ಸ್ಪೀಡ್ ಹೆಚ್ಚಿಸುವ ಸ್ವಭಾವವೂ (ನೇಚರ್) ಸೇರಿ ಸ್ಪೀಡ್‌ಗೇ ಎಲ್ಲ ಸುರಿದರೆ ವೀವೈಲ್ 383ಕ್ಕೆ ಬರುತ್ತದೆ. ಅಲಕಜಾಮ್ 372, ಗೆಂಗಾರ್ 350, ಗಾರ್ಚಾಂಪ್ 333. ಒಂದೇ ಒಂದು ಅಂಕಿ ಜಾಸ್ತಿ ಇದ್ದರೂ ಮೊದಲ ಏಟು ಪೂರ್ತಿ ನಿಮ್ಮದು. ಸಮ ಇದ್ದರೆ ಅದೃಷ್ಟ. ಅಂದರೆ 333ರ ಮುಂದೆ 334 ಇದ್ದರೂ ಅಷ್ಟೇ, 383 ಇದ್ದರೂ ಅಷ್ಟೇ. ಆದರೆ ಅದೇ ಗಾರ್ಚಾಂಪ್ ಚಾಯ್ಸ್ ಸ್ಕಾರ್ಫ್ ಕಟ್ಟಿಕೊಂಡು ಬಂದರೆ ಸ್ಪೀಡ್ ಒಂದೂವರೆ ಪಟ್ಟಾಗಿ 499. ನಿಮ್ಮ ವೀವೈಲ್ ಈಗ ನಿಧಾನದವನು. ಅಲಕಜಾಮ್ ಇಟ್ಟುಕೊಂಡವನು ತನ್ನ ಅಂಕಿಗಿಂತ ಎದುರಿನವರ ಅಂಕಿಯನ್ನೇ ಬಾಯಿಪಾಠ ಮಾಡಬೇಕು ಅಂತ ನಾನು ಹೇಳುವುದು ಇದಕ್ಕೇ.

ಮೊದಲು ಹೀಗಿರಲಿಲ್ಲ. 1996ರ ಮೊದಲ ಆಟಗಳಲ್ಲಿ ಓಡುವವನದ್ದೇ ರಾಜ್ಯ. ಆಗ ಕ್ರಿಟಿಕಲ್ ಏಟು, ಅಂದರೆ ಮಾಮೂಲಿಗಿಂತ ಜೋರಿನ ಏಟು, ಬೀಳುವ ಸಾಧ್ಯತೆಯೂ ಮೂಲ ಸ್ಪೀಡ್ ಮೇಲೆಯೇ ನಿಂತಿತ್ತು. ಸ್ಪೀಡನ್ನು 512ರಿಂದ ಭಾಗಿಸಿದರೆ ಬರುವಷ್ಟು. ಅಲಕಜಾಮ್‌ಗೆ ಅದು ಹೆಚ್ಚುಕಡಿಮೆ ನೂರಕ್ಕೆ 23. ಸ್ಪೆಷಲ್ ಅನ್ನುವುದೂ ಆಗ ಒಂದೇ ಅಂಕಿ, ಆ 135 ಹೊಡೆಯುವುದಕ್ಕೂ ಬರುತ್ತಿತ್ತು, ತಡೆಯುವುದಕ್ಕೂ ಬರುತ್ತಿತ್ತು. ಮುಂದಿನ ಆಟಗಳಲ್ಲಿ ಎರಡನ್ನೂ ಕಿತ್ತುಕೊಂಡರು.

ನಿಜವಾದ ಪೆಟ್ಟು ಬಿದ್ದದ್ದು 2006ರಲ್ಲಿ, ಡೈಮಂಡ್ ಮತ್ತು ಪರ್ಲ್ ಬಂದಾಗ. ಚಾಯ್ಸ್ ಸ್ಕಾರ್ಫ್ ಬಂದದ್ದು ಆಗಲೇ. ನಿಧಾನದವರೇ ಮೊದಲು ಹೊಡೆಯುವಂತೆ ಐದು ಸರದಿ ಎಲ್ಲವನ್ನೂ ತಿರುಗಿಸಿಬಿಡುವ ಟ್ರಿಕ್ ರೂಮ್ ಬಂದದ್ದೂ ಆಗಲೇ. ಒಳಗೆ ಕಾಲಿಟ್ಟ ತಕ್ಷಣ ಚುಚ್ಚುವ ಸ್ಟೆಲ್ತ್ ರಾಕ್ ಬಂತು. ಪೋಕೆಮಾನ್‌ಗಳಿಗೆ ಐಸ್, ಸ್ಟೀಲ್ ಅಂತ ಜಾತಿಗಳಿವೆ, ಜಾತಿ ನೋಡಿಕೊಂಡು ಏಟು ಹೆಚ್ಚುಕಡಿಮೆ ತಾಗುತ್ತದೆ. ವೀವೈಲ್ ಐಸ್ ಜಾತಿಯದ್ದಾದ್ದರಿಂದ ಅದಕ್ಕೆ ಬಂದ ಪ್ರತಿ ಸಲ ಕಾಲು ಭಾಗ ಜೀವ ಹೋಗುತ್ತದೆ. ಅದನ್ನು ತಡೆಯುವ ಹೆವಿ ಡ್ಯೂಟಿ ಬೂಟ್ಸ್ ಸಿಗುವುದಕ್ಕೆ 2019ರವರೆಗೆ ಕಾಯಬೇಕಾಯಿತು. ಐಸ್ ಶಾರ್ಡ್, ಬುಲೆಟ್ ಪಂಚ್ ಥರದ ಪ್ರಯಾರಿಟಿ ಏಟುಗಳೂ ಆಗಲೇ ಸೇರಿದವು. ಇವಕ್ಕೆ ಸ್ಪೀಡ್ ಲೆಕ್ಕವೇ ಇಲ್ಲ, ಸೀದಾ ಮೊದಲು ಬೀಳುತ್ತವೆ.

ಇಷ್ಟೆಲ್ಲ ಬಂದ ಮೇಲೂ ಓಡುವವರನ್ನು ಬಿಡದೆ ಆಡಿಸುವವರು ಇದ್ದಾರೆ. ನನಗೆ ಇಷ್ಟವಾಗುವುದು ಅವರ ಆಟ. ಅವರು ಟೀಮ್ ಕಟ್ಟುವುದೇ ಹಿಂದುಮುಂದಾಗಿ. ಕೊನೆಯಲ್ಲಿ ಮುಗಿಸುವವನು ಯಾರು ಅಂತ ಮೊದಲು ತೀರ್ಮಾನ ಮಾಡಿ, ಅವನಿಗೆ ಅಡ್ಡ ಬರುವವರ ಪಟ್ಟಿ ಮಾಡಿ, ಆ ಅಡ್ಡವನ್ನು ತೆಗೆಯಲು ಉಳಿದ ಐವರನ್ನು ಹುಡುಕುತ್ತಾರೆ.

ನಮ್ಮ ಕೊಡವ ಕೌಟುಂಬಿಕ ಹಾಕಿ ನೋಡಿದವರಿಗೆ ಇದು ಹೊಸದಲ್ಲ. 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಆ ಮೈದಾನಗಳಲ್ಲಿ ಸಣ್ಣ ಮೈಯ, ಬಾಣದಂತೆ ಓಡುವ ಫಾರ್ವರ್ಡ್ ಹುಡುಗರನ್ನು ಎಷ್ಟು ನೋಡಿಲ್ಲ ನಾವು! 1975ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ನಮ್ಮ ಬಿ.ಪಿ. ಗೋವಿಂದ ಅವರ ಓಟವನ್ನು ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಅಂಥ ಹುಡುಗನನ್ನು ಡಿಫೆನ್ಸ್‌ನಲ್ಲಿ ನಿಲ್ಲಿಸಿ ಮೈಗೆ ಮೈ ತಾಗಿಸು ಅಂತ ಯಾವ ಕೋಚೂ ಹೇಳುವುದಿಲ್ಲ. ಹಿಂದಿನವರು ಚೆಂಡು ಕಿತ್ತು ದಾರಿ ಬಿಡಿಸುತ್ತಾರೆ, ಅವನು ಓಡುತ್ತಾನೆ.

ಕಳೆದ ಮಳೆಗಾಲದಲ್ಲಿ ನೋಡಿದ ಒಂದು ಪಂದ್ಯ ಹೇಳಲೇಬೇಕು. ಚಿಕ್ಕಮ್ಮನ ಮಗ, ಪೊನ್ನಂಪೇಟೆಯಲ್ಲಿ ಓದುತ್ತಾನೆ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಶೋಡೌನ್ ಆಡುತ್ತಿದ್ದ, ನಾವೆಲ್ಲ ಹೆಗಲ ಮೇಲಿಂದ ಇಣುಕುತ್ತಿದ್ದೆವು. ಎದುರಿನವನ ಹತ್ತಿರ ಉಳಿದದ್ದು ಮೂರು. ಕಣದಲ್ಲಿ ಸೈಜರ್. ಹಿಂದೆ ಅರ್ಧಕ್ಕಿಂತ ಕಡಿಮೆ ಜೀವದ ಗಾರ್ಚಾಂಪ್, ಅದಕ್ಕೆ ಸ್ಕಾರ್ಫ್ ಇದೆ ಅಂತ ಆಗಲೇ ಗೊತ್ತಾಗಿತ್ತು. ಜೊತೆಗೆ ಅಷ್ಟೇ ಏಟು ತಿಂದ ಡ್ರ್ಯಾಗಾಪಲ್ಟ್. ಇವನ ಹತ್ತಿರ ಎರಡೇ. ಕಣದಲ್ಲಿ ಸುಸ್ತಾದ ವಾಷಿಂಗ್ ಮಷಿನ್ ರೋಟಮ್, ಹಿಂದೆ ಒಂದು ಗೀರೂ ಬೀಳದ ವೀವೈಲ್.

"ವೀವೈಲ್ ಇಳಿಸೋ!" ಅಂತ ಇನ್ನೊಬ್ಬ ಕೂಗಿದ. ಅದು ಕೂಗಬೇಕು ಅನ್ನಿಸುವ ಹೊತ್ತೇ.

"ಸುಮ್ನಿರಣ್ಣ, ಸೈಜರ್ ಇದೆ," ಅಂದ ಇವನು, ಫೋನಿನಿಂದ ತಲೆ ಎತ್ತದೆ.

ಸೈಜರ್‌ನ ಬುಲೆಟ್ ಪಂಚ್ ಸ್ಟೀಲ್ ಏಟು. ಐಸ್ ಜಾತಿಗೆ ಅದು ಎರಡು ಪಟ್ಟು, ಅದೂ ಮೊದಲೇ ಬೀಳುತ್ತದೆ. ವೀವೈಲ್‌ನ 383 ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಹುಡುಗ ರೋಟಮ್‌ನಿಂದ ವಿಲ್ ಓ ವಿಸ್ಪ್ ಹಾಕಿಸಿ ಸೈಜರ್‌ಗೆ ಸುಟ್ಟಗಾಯ ಮಾಡಿದ. ಸುಟ್ಟ ಮೇಲೆ ಅದರ ಹೊಡೆತ ಅರ್ಧ. ರೋಟಮ್ ಒಂದು ಏಟು ತಿಂದು ನಿಂತಿತು. ಮುಂದಿನ ಸರದಿ ಹೈಡ್ರೋ ಪಂಪ್, ಸೈಜರ್ ಬಿತ್ತು. ಸ್ಕಾರ್ಫಿನ ಗಾರ್ಚಾಂಪ್ ಬಂದು ಡ್ರ್ಯಾಗನ್ ಕ್ಲಾ ಹೊಡೆದು ರೋಟಮ್ ಕಥೆ ಮುಗಿಸಿತು.

ಆಗ ಇಳಿಯಿತು ವೀವೈಲ್, ಒಂದು ಏಟೂ ತಿನ್ನದೆ. ಗಾರ್ಚಾಂಪ್ 499ರಲ್ಲಿ ನಿಂತಿದೆ. ಇವನು ಪ್ರಯಾರಿಟಿ ಏಟು ಐಸ್ ಶಾರ್ಡ್ ಒತ್ತಿದ. ಡ್ರ್ಯಾಗನ್ ಮತ್ತು ನೆಲ ಎರಡೂ ಜಾತಿ ಇರುವ ಗಾರ್ಚಾಂಪ್‌ಗೆ ಐಸ್ ನಾಲ್ಕು ಪಟ್ಟು. ಬಿತ್ತು. ಡ್ರ್ಯಾಗಾಪಲ್ಟ್ ಬಂತು, ಮತ್ತೆ ಐಸ್ ಶಾರ್ಡ್. ಅದೂ ಬಿತ್ತು. ಪಂದ್ಯದ ಉದ್ದಕ್ಕೂ ವೀವೈಲ್ ಕಣದಲ್ಲಿದ್ದದ್ದು ಆ ಎರಡೇ ಸರದಿ.

ಆ ಪಂದ್ಯ ಗೆಲ್ಲಿಸಿದ್ದು ವೀವೈಲ್ ಅಂತ ಹುಡುಗರು ಕುಣಿದರು. ನನ್ನ ಲೆಕ್ಕದಲ್ಲಿ ಗೆದ್ದದ್ದು ರೋಟಮ್ ವಿಲ್ ಓ ವಿಸ್ಪ್ ಹಾಕಿದ ಸರದಿಯಲ್ಲೇ. ಅದಕ್ಕಿಂತಲೂ ಮೊದಲು, ವೀವೈಲನ್ನು ಇಳಿಸದೆ ಕಾದ ಅಷ್ಟೂ ಸರದಿಗಳಲ್ಲಿ. ಒಂದು ವಿಷಯ ಜನ ಗಮನಿಸುವುದಿಲ್ಲ. 2010ರ ಬ್ಲ್ಯಾಕ್ ಮತ್ತು ವೈಟ್ ಆಟಗಳಿಂದ ಪಂದ್ಯಕ್ಕೆ ಮೊದಲೇ ಎದುರಿನವನ ಆರೂ ಹೆಸರು ಕಾಣಿಸುವ ಪದ್ಧತಿ ಬಂದಿದೆ. ಹಿಂದೆ ಗೀರೂ ಬೀಳದ ವೀವೈಲ್ ಕೂತಿದೆ ಅಂತ ಎದುರಿನವನಿಗೆ ಗೊತ್ತು. ಅದಕ್ಕೇ ಅವನು ಸೈಜರನ್ನು ಕಾಪಾಡಿಕೊಳ್ಳಬೇಕು, ಗಾರ್ಚಾಂಪ್ ಇಳಿಸಲು ಎರಡು ಸಲ ಯೋಚಿಸಬೇಕು. ಕಣಕ್ಕೆ ಬರದೆಯೇ ವೀವೈಲ್ ಅವನ ಕೈ ಕಟ್ಟಿಹಾಕಿರುತ್ತದೆ. ಮೊದಲ ಸರದಿಯಲ್ಲೇ ಕಳಿಸಿ ಸಾಯಿಸಿದರೆ ಈ ಹೆದರಿಕೆಯೂ ಅದರ ಜೊತೆಗೇ ಹೋಯಿತು.

ಫೋಕಸ್ ಸ್ಯಾಶ್ ಕೊಟ್ಟರೆ ಆಯ್ತಲ್ಲಾ ಅಂತ ಕೇಳುವವರಿದ್ದಾರೆ. ಪೂರ್ತಿ ಜೀವ ಇದ್ದಾಗ ಬಿದ್ದ ಏಟಿಗೆ ಒಂದು ಅಂಕಿ ಜೀವ ಉಳಿಸುವ ನಡುಪಟ್ಟಿ ಅದು. ಸ್ಟೆಲ್ತ್ ರಾಕ್ ಒಂದು ಸಲ ಚುಚ್ಚಿದರೆ ಜೀವ ಪೂರ್ತಿ ಇರುವುದಿಲ್ಲ, ಸ್ಯಾಶ್ ಇದ್ದೂ ಇಲ್ಲದಂತೆ. ಅಲಕಜಾಮ್ ಮಾತ್ರ ಬೇರೆ. ಮ್ಯಾಜಿಕ್ ಗಾರ್ಡ್ ಗುಣ ಇರುವ ಅಲಕಜಾಮ್‌ಗೆ ಸ್ಟೆಲ್ತ್ ರಾಕ್ ನೋವೇ ಇಲ್ಲ, ಅದರ ಕೈಯಲ್ಲಿ ಸ್ಯಾಶ್ ಕೊನೆಯವರೆಗೂ ಜೀವಂತ. ಉಳಿದವರಿಗೆ ಸ್ಯಾಶ್ ಕಟ್ಟಿ ಧೈರ್ಯವಾಗಿ ನುಗ್ಗಿಸುವುದು ನನಗೆ ಸರಿ ಕಾಣುವುದಿಲ್ಲ. ಸ್ಕಾರ್ಲೆಟ್ ಮತ್ತು ವೈಲೆಟ್‌ನಲ್ಲಿ ಅಲಕಜಾಮ್ ಇಲ್ಲವೇ ಇಲ್ಲ, ಅದೊಂದು ಬೇಜಾರು.

ಇಬ್ಬಿಬ್ಬರು ಒಟ್ಟಿಗೆ ಇಳಿಯುವ ಡಬಲ್ಸ್‌ನಲ್ಲಿ, ಅಂದರೆ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆಯುವ ಪದ್ಧತಿಯಲ್ಲಿ, ಲೆಕ್ಕ ಇನ್ನೂ ಬಿಗಿ. ಟೇಲ್‌ವಿಂಡ್ ಬೀಸಿದರೆ ನಾಲ್ಕು ಸರದಿ ಒಂದು ಕಡೆಯವರ ಸ್ಪೀಡ್ ಎರಡು ಪಟ್ಟು. ಟ್ರಿಕ್ ರೂಮ್ ಬಿದ್ದರೆ ಮೂಲ ಸ್ಪೀಡ್ 200 ಇರುವ ರೆಜಿಎಲೆಕಿಗಿಂತ 20ರ ಟಾರ್ಕೋಲ್ ಮೊದಲು ಹೊಡೆಯುತ್ತದೆ. ಅಲ್ಲಿ ಜೊತೆಗಾರನನ್ನು ಕಾಪಾಡುವವರ ಬೆಲೆ ಇನ್ನೂ ಜಾಸ್ತಿ. 2014ರ ವಿಶ್ವ ಚಾಂಪಿಯನ್ ಸೆಜುನ್ ಪಾರ್ಕ್ ತಂದ ಪಚಿರಿಸು ನೆನಪಿದೆಯಾ? ಎಲ್ಲರೂ ಮುದ್ದು ಅಂತ ನಕ್ಕ ಆ ಅಳಿಲು ಫಾಲೋ ಮೀ ಹಾಕಿ, ಜೊತೆಗಾರನ ಮೇಲೆ ಬೀಳಬೇಕಾದ ಏಟನ್ನು ತನ್ನ ಮೇಲೆ ಎಳೆದುಕೊಂಡು ನಿಲ್ಲುತ್ತಿತ್ತು. ಹೊಡೆಯುವವನ ಪಕ್ಕದಲ್ಲಿ ಅಂಥವನೊಬ್ಬ ಇದ್ದರೆ 45 ಡಿಫೆನ್ಸ್ ಬಗ್ಗೆ ಯಾಕೆ ಚಿಂತೆ?

ಹಾಗಾಗಿ ಅಲಕಜಾಮ್, ವೀವೈಲ್, ಗೆಂಗಾರ್‌ಗಳನ್ನು ಟೀಮಿನಿಂದ ತೆಗೆದುಹಾಕಬೇಡಿ. ಅವಕ್ಕಿಂತ ವೇಗದ್ದು ಯಾವುದು, ಪ್ರಯಾರಿಟಿ ಏಟು ಯಾರ ಹತ್ತಿರ ಇದೆ, ಅವರನ್ನು ನಿಮ್ಮ ಐವರಲ್ಲಿ ಯಾರು ಬೀಳಿಸುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಆಡಿ ನೋಡಿ. ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ ಕಡೆ ಆಡುವವರು ಇದ್ದರೆ ನನಗೆ ಮೆಸೇಜ್ ಮಾಡಿ, ಟೀಮ್ ಕಳಿಸಿ, ಒಟ್ಟಿಗೆ ಕೂತು ನೋಡೋಣ. ಕಳಿಸುವಾಗ ಹೆಸರಿನ ಪಕ್ಕದಲ್ಲಿ ಸ್ಪೀಡ್ ಅಂಕಿಯನ್ನೂ ಬರೆಯಿರಿ. ಅದಿಲ್ಲದಿದ್ದರೆ ನಾನು ಏನೂ ಹೇಳಲಾರೆ.