‘ಶಾನುಭೋಗ್ರೇ’ ಎಂದರೆ ಈಗಲೂ ತಿರುಗಿ ನೋಡುತ್ತೇನೆ

ಕಳೆದ ವಾರ ಉಡುಪಿಯ ರಥಬೀದಿಯಲ್ಲಿ ಹಿಂದಿನಿಂದ ಯಾರೋ ‘ಶಾನುಭೋಗ್ರೇ’ ಎಂದು ಕರೆದಾಗ ತಕ್ಷಣ ತಿರುಗಿ ನೋಡಿದೆ. 60 ತುಂಬಿದ ತಿಂಗಳ ಕೊನೆಯ ದಿನ ಕಂದಾಯ ಇಲಾಖೆಯಿಂದ ನಿವೃತ್ತನಾಗಿ ಎರಡು ವರ್ಷವಾಯಿತು. ಅದಿರಲಿ, ಊರಿನ ಭೂಕಂದಾಯದ ಲೆಕ್ಕ ಬರೆಯುವ ಶಾನುಭೋಗ ಎಂಬ ಹುದ್ದೆಯಲ್ಲಿ ನಾನು ಒಂದು ದಿನವೂ ಇದ್ದವನಲ್ಲ. ವಂಶಪಾರಂಪರ್ಯವಾಗಿ ಬರುತ್ತಿದ್ದ ಆ ಅಧಿಕಾರ 1961ರ ಕಾಯ್ದೆಯಂತೆ 1963ರಲ್ಲೇ ರದ್ದಾಗಿತ್ತು. ನಾನು ಸೇರಿದ್ದು ಗ್ರಾಮ ಲೆಕ್ಕಿಗನಾಗಿ. ಈಗ ಆ ಹುದ್ದೆಯೂ ಗ್ರಾಮ ಆಡಳಿತ ಅಧಿಕಾರಿಯಾಗಿದೆ. ಸರ್ಕಾರ ಎಷ್ಟು ಹೆಸರು ಬದಲಿಸಿದರೂ ಊರಿನವರಿಗೆ ಹಳೆಯದೇ ಸಾಕು. ಕರಾವಳಿಯಲ್ಲಿ ಶಾನುಭಾಗ ಎಂಬುದು ಮನೆತನಗಳ ಹೆಸರೇ ಆಗಿ ನಿಂತಿರುವಾಗ ಇದರಲ್ಲಿ ಆಶ್ಚರ್ಯವೂ ಇಲ್ಲ.

‘ಇನ್ನಾದರೂ ಕಚೇರಿಯನ್ನು ಮರೆತು ನಿಮಗಾಗಿ ಬದುಕಿ’ ಎಂದು ಹಿತೈಷಿಗಳು ಹೇಳುತ್ತಾರೆ. ಸಲಾಮಿಗಾಗಿ ಹಂಬಲಿಸುವ, ಮದುವೆಮನೆಯಲ್ಲೂ ಮುಂದಿನ ಸಾಲಿನ ಕುರ್ಚಿ ಹುಡುಕುವ ನಿವೃತ್ತರನ್ನು ನಾನೂ ಕಂಡಿದ್ದೇನೆ. ಆ ಮಾತು ಅವರಿಗೆ ಸಲ್ಲುತ್ತದೆ. ಆದರೆ ಮೂವತ್ತಾರು ವರ್ಷ ಮಾಡಿದ ಕೆಲಸದಿಂದ ಹೊರತಾದ ‘ನಾನು’ ಬೇರೆಲ್ಲೋ ಕಾದು ಕುಳಿತಿದ್ದಾನೆ ಎಂಬುದನ್ನು ನಾನು ಒಪ್ಪಲಾರೆ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸಿದ ‘ಭೂಮಿ’ ತಂತ್ರಾಂಶ ಬರುವ ಮೊದಲು ಪಹಣಿಯನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲದಲ್ಲಿ, ಗ್ರಾಮ ಸಹಾಯಕನಾದ ಉಗ್ರಾಣಿಯನ್ನು ಜೊತೆಗಿಟ್ಟುಕೊಂಡು ಗದ್ದೆಯ ಹುಣಿಯ ಮೇಲೆ ನಡೆದು ಕಲಿತದ್ದು ಮೈಯಲ್ಲಿ ಸೇರಿಕೊಂಡಿದೆ. ಯಾವ ಸರ್ವೆ ನಂಬರಿನ ಗಡಿಕಲ್ಲು ಮಳೆಗಾಲದಲ್ಲಿ ಮುಳುಗುತ್ತದೆ, ಯಾರ ವರ್ಗ ಜಾಗಕ್ಕೆ, ಅಂದರೆ ಪಟ್ಟಾ ಜಮೀನಿಗೆ, ತಾಗಿದ ಕುಮ್ಕಿ ಎಂಬ ಸರ್ಕಾರಿ ಜಾಗದಲ್ಲಿ ಯಾರು ಸೊಪ್ಪು ಕಡಿಯುತ್ತಾರೆ ಎಂಬುದನ್ನು ಪಿಂಚಣಿಯ ಕಾಗದಕ್ಕೆ ಸಹಿ ಹಾಕಿದ ದಿನ ಹಿಂದಿರುಗಿಸಿ ಬರಲು ಸಾಧ್ಯವಿತ್ತೇ? ಈಗಲೂ ಬೆಳಿಗ್ಗೆ ಚಹಾದ ಹೊತ್ತಿಗೆ ವರ್ಗ ಜಾಗದ ಅಂಚಿನಿಂದ 100 ಗಜದವರೆಗಿನ ಕುಮ್ಕಿಯ ಲೆಕ್ಕ ಕೇಳಲು ಯಾರಾದರೊಬ್ಬರು ಜಗಲಿಯಲ್ಲಿ ಇರುತ್ತಾರೆ. (ಮನೆಯವಳಿಗೆ ಇದು ಅಷ್ಟೇನೂ ಇಷ್ಟವಿಲ್ಲ.)

ಈ ಹೆಸರಿನ ಜೊತೆ ಹೆಮ್ಮೆ ಮಾತ್ರ ಬಂದಿದ್ದರೆ ಮರೆಯುವುದು ಸುಲಭವಿತ್ತೇನೋ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಸರದಲ್ಲಿ ನಾನು ಬರೆದ ಒಂದು ತಪ್ಪು ನಮೂದಿನಿಂದ ಇಬ್ಬರು ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಮುಂದೆ ತಿದ್ದುಪಡಿಯಾಯಿತು, ಆದರೆ ಅಷ್ಟರಲ್ಲಿ ಎರಡು ಮನೆಗಳ ನಡುವೆ ಪಾಗಾರ ಎದ್ದಿತ್ತು. ನನ್ನ ಸೇವಾ ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಅಣ್ಣ ತೀರಿಕೊಂಡಿದ್ದಾರೆ, ತಮ್ಮ ನನ್ನನ್ನು ಕಂಡರೆ ಇಂದಿಗೂ ‘ಶಾನುಭೋಗ್ರೇ’ ಎಂದು ಮರ್ಯಾದೆಯಿಂದಲೇ ಕರೆಯುತ್ತಾರೆ. ಅವರ ದನಿ ಕೇಳಿದಾಗ ಮಾತ್ರ ನಾನು ತಿರುಗುವುದು ಸ್ವಲ್ಪ ತಡವಾಗುತ್ತದೆ.