ಟ್ರೈಲರ್‌ಗೂ ಒಳ್ಳೆ ಟೈರೇ ಬೇಕು

ಇವತ್ತು ಹೊಸ ಟೈರ್ ಹಾಕಿಸಿದ ನಮ್ಮ ಟ್ರ್ಯಾಕ್ಟರ್ ಟ್ರೈಲರಲ್ಲಿ ಕಾಫಿ ತಗೊಂಡು ಹೋಗಿ, ಚಿಕ್ಕಮಗಳೂರಲ್ಲಿ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಬೀಜದ ಸಿಪ್ಪೆ ತೆಗೆದು ಹದ ಮಾಡೋ ಕಾರ್ಖಾನೆ) ಲೋಡ್ ಇಳಿಸಿ ವಾಪಸ್ ಬರ್ತಿದ್ವಿ. ಆಲ್ದೂರು ದಾಟಿ ಸ್ವಲ್ಪ ಮುಂದೆ ಒಂದು ಟ್ರೈಲರ್ ಚರಂಡಿ ಕಡೆ ವಾಲಿ ನಿಂತಿದೆ, ಕಾಫಿ ಮೂಟೆ ಅರ್ಧ ರೋಡಿಗೆ ಬಿದ್ದಿದೆ, ಮೂಟೆ ಮೇಲೆ ಕೂತು ಬರ್ತಿದ್ದ ಇಬ್ಬರು ಹುಡುಗರು ಮೊಣಕೈ ತರಚಿಕೊಂಡು ಮೋರಿ ಕಟ್ಟೆ ಮೇಲೆ ಕೂತಿದಾರೆ. ಅಷ್ಟಕ್ಕೇ ಮುಗೀತು, ಎದುರಿಂದ ಬಸ್ ಬಂದಿದ್ರೆ ಏನಾಗ್ತಿತ್ತೋ ಯೋಚನೆ ಮಾಡೋಕೂ ಭಯ ಆಗುತ್ತೆ. ಇಳಿದು ಹೋಗಿ ಮೊದಲು ಹುಡುಗರನ್ನ ಮಾತಾಡಿಸಿ ಆಮೇಲೆ ಆ ಟೈರ್ ನೋಡಿದೆ. ಬಟನ್, ಅಂದ್ರೆ ರೋಡಿಗೆ ತಾಗೋ ಕಡೆಯ ಗೀರು ಗೀರು ರಬ್ಬರ್, ಚೆನ್ನಾಗೇ ಇತ್ತು. ಆದ್ರೆ ಸೈಡ್‌ವಾಲ್, ಅಂದ್ರೆ ಟೈರಿನ ಪಕ್ಕದ ಭಾಗ, ಪೂರ್ತಿ ಬೇಸಿಗೆ ಕೆರೆ ತಳದ ಹಾಗೆ ಬಿರುಕು ಬಿಟ್ಟು ಅಲ್ಲೇ ಹರಿದು ಹೋಗಿತ್ತು. ಅಲ್ಲಿ ನಿಂತಿದ್ದ ಹಿರಿಯರೊಬ್ಬರು ನನಗೆ ಸಮಾಧಾನ ಹೇಳೋ ಥರ, "ಟ್ರೈಲರ್ ಟೈರ್ ಅಲ್ವೇನಮ್ಮ, ಎಲ್ರದ್ದೂ ಹಿಂಗೇ" ಅಂದ್ರು.

ಈ ಮಾತಿಗೇ ನನಗೆ ಮೈ ಉರಿಯೋದು. ಟ್ರೈಲರ್‌ಗೆ ತಾನೆ, ಟ್ರೈಲರ್‌ಗೆ ತಾನೆ. ನಮ್ಮ ಟ್ರೈಲರ್‌ಗೆ ಹೊಸ ಟೈರ್ ಹುಡುಕೋಕೆ ಅಂತ ಮೂಡಿಗೆರೆ, ಬೇಲೂರು, ಹಾಸನ ಎಲ್ಲಾ ಅಲೆದೆ ನೋಡಿ, ಆವಾಗ ಈ ಮಾತು ಕೇಳದೇ ಇರೋ ಅಂಗಡಿ ಸಿಗಲಿಲ್ಲ. ಯಾವ ಗಾಡಿಗೆ ಅಂತಾರೆ, ಜೀಪಿಗೆ ಅಂದ್ರೆ ಕೂರಿಸಿ ಹತ್ತು ಟೈರ್ ತೋರಿಸ್ತಾರೆ, ಟ್ರೈಲರ್‌ಗೆ ಅಂದ ತಕ್ಷಣ ಹುಡುಗನ್ನ ಕೂಗಿ ಗೋಡೌನ್ ಮೂಲೇಲಿ ಧೂಳು ಹಿಡಿದು ಕೂತಿರೋದನ್ನ ಉರುಳಿಸಿಕೊಂಡು ಬಾ ಅಂತಾರೆ. ಅಂಗಡಿಯವರನ್ನ ಮಾತ್ರ ಬೈದು ಪ್ರಯೋಜನ ಇಲ್ಲ, ನಮ್ಮ ಬೆಳೆಗಾರರೇ ಕಲಿಸಿರೋದು ಇದು. ಲಾರಿಯಿಂದ ಬಿಚ್ಚಿದ್ದು ಟ್ರೈಲರ್‌ಗೆ, ಟ್ರೈಲರಲ್ಲಿ ಸವೆದಿದ್ದು ಎತ್ತಿನ ಗಾಡಿಗೆ, ಹಿಂಗೇ ನಡ್ಕೊಂಡು ಬಂದಿದೆ. ಎರಡು ಚಕ್ರಕ್ಕೆ ಎರಡು ಬೇರೆ ಬೇರೆ ಸವೆತದ ಟೈರ್ ಹಾಕಿ ಓಡಿಸೋರನ್ನ ನೀವೂ ನೋಡಿದೀರ.

ಸ್ವಲ್ಪ ಲೆಕ್ಕ ಹಾಕಿ ನೋಡಿ. 50 ಕೆಜಿ ಮೂಟೆ 60 ಹಾಕಿದ್ರೆ ಅಲ್ಲಿಗೇ 3 ಟನ್. ಕಬ್ಬಿಣದ ಬಾಡಿದು ಒಂದು ಟನ್ ಮೇಲೆ. ಅದರಲ್ಲಿ ಸ್ವಲ್ಪ ಭಾರ ಕೊಂಡಿ ಮೂಲಕ ಟ್ರ್ಯಾಕ್ಟರ್ ಮೇಲೆ ಹೋಗುತ್ತೆ ಅಂದ್ಕೊಂಡ್ರೂ ನಮ್ಮಂಥ ಎರಡೇ ಚಕ್ರದ ಟ್ರೈಲರಲ್ಲಿ ಒಂದೊಂದು ಟೈರ್ ಮೇಲೆ ಎರಡು ಟನ್ ಹತ್ರ ಕೂತಿರುತ್ತೆ. ಕಾರಿನ ಟೈರ್ ಹೊರೋದು ಐನೂರು ಆರುನೂರು ಕೆಜಿ, ಅದಕ್ಕೆ ನಾವು ಎಷ್ಟು ಮುತುವರ್ಜಿ ಮಾಡ್ತೀವಿ! ಇನ್ನು ಬ್ರೇಕ್ ವಿಷಯ. ನಮ್ಮ ಕಡೆ ಎಷ್ಟೋ ಟ್ರೈಲರ್‌ಗೆ ಬ್ರೇಕೇ ಇಲ್ಲ. ಇಳಿಜಾರಲ್ಲಿ ಹಿಂದಿರೋ ಭಾರ ಪೂರ್ತಿ ಟ್ರ್ಯಾಕ್ಟರನ್ನ ಮುಂದಕ್ಕೆ ತಳ್ತಾ ಇರುತ್ತೆ, ತಡೆಯೋದು ಟ್ರ್ಯಾಕ್ಟರ್ ಬ್ರೇಕ್ ಒಂದೇ. ಅಂಥ ಟೈಮಲ್ಲಿ ಹಿಂದೆ ಒಂದು ಟೈರ್ ಒಡೆದ್ರೆ ಟ್ರೈಲರ್ ಆ ಕಡೆ ಎಳೆದು ಅಡ್ಡ ತಿರುಗುತ್ತೆ, ಟ್ರ್ಯಾಕ್ಟರನ್ನೂ ತಿರುಗಿಸುತ್ತೆ. ಅದರ ಮೇಲೆ ಕೂತಿರೋನು ಡ್ರೈವರ್, ಹೊದಿಕೆ ಇಲ್ಲ, ಬೆಲ್ಟ್ ಇಲ್ಲ, ಏನೂ ಇಲ್ಲ.

ನಮ್ಮ ತೋಟದ ರಸ್ತೆ ಕಂಡವರಿಗೆ ನಾನು ಹೇಳೋದೇ ಬೇಡ, ಕಣದಿಂದ ಗೇಟಿನ ತನಕ ಇಳಿಜಾರೇ. ಯಾರ ಹತ್ರಾನೂ ಹೇಳ್ಕೊಂಡಿಲ್ಲ, ಇವತ್ತು ಹೇಳ್ತೀನಿ. ತೋಟ ನೋಡ್ಕೊಳ್ಳೋಕೆ ಶುರು ಮಾಡಿ ಇಷ್ಟು ವರ್ಷ ಆದ್ರೂ ಲೋಡ್ ಟ್ರೈಲರ್ ಆ ತಿರುವು ಇಳಿಯೋ ಸದ್ದು ಕೇಳಿದ್ರೆ ಮಾಡ್ತಿರೋ ಕೆಲಸ ಬಿಟ್ಟು ನಿಂತುಬಿಡ್ತೀನಿ. ಸ್ಕೂಲಿಗೆ ಹೋಗೋ ವಯಸ್ಸಲ್ಲಿ ಪಕ್ಕದ ತೋಟದ ಟ್ರೈಲರ್ ಮಗುಚಿದ್ದನ್ನ ನೋಡಿದೀನಿ, ಅವತ್ತು ಕೆಲಸಗಾರರ ಲೈನ್ ಮನೆಗಳ ಕಡೆಯಿಂದ ಹೆಂಗಸರು ಓಡಿ ಬಂದಿದ್ದು ಇನ್ನೂ ಕಣ್ಣ ಮುಂದೆ ಇದೆ. ಟ್ರೈಲರಲ್ಲಿ ಜನ ಕೂರಿಸಬಾರದು, ನಾನು ಕೂರಿಸಲ್ಲ, ಅದು ಎಲ್ರಿಗೂ ಗೊತ್ತಿರೋ ಕಾನೂನು. ಆದ್ರೆ ಸಂಜೆ ಕೆಲಸ ಮುಗಿದ ಮೇಲೆ ಮೂಟೆ ಮೇಲೆ ಹತ್ತಿ ಕೂತು ಹೋಗೋದು ಎಷ್ಟು ತೋಟದಲ್ಲಿ ನಿಂತಿದೆ, ನೀವೇ ಹೇಳಿ.

ಆ ಒಡೆದ ಟೈರಲ್ಲಿ ಬಟನ್ ಚೆನ್ನಾಗಿತ್ತು ಅಂದ್ನಲ್ಲ, ಇಡೀ ವಿಷಯ ಇರೋದೇ ಅಲ್ಲಿ. ಟ್ರೈಲರ್ ಟೈರ್ ಸವೆದು ಸಾಯೋದು ಕಡಿಮೆ, ವಯಸ್ಸಾಗಿ ಸಾಯೋದೇ ಜಾಸ್ತಿ. ಕೊಯ್ಲಿನ ಮೂರ್ನಾಲ್ಕು ತಿಂಗಳು ಓಡುತ್ತೆ, ಉಳಿದ ಕಾಲ ಶೆಡ್ ಪಕ್ಕ ಬಿಸಿಲು ಮಳೇಲಿ ನಿಂತಿರುತ್ತೆ. ರಬ್ಬರಿನೊಳಗೆ ಬಿರುಕು ತಡೆಯೋ ಮೇಣದಂಥ ವಸ್ತು ಸೇರಿಸಿರ್ತಾರೆ, ಟೈರ್ ಓಡಿ ಬಳುಕಿದಾಗ ಅದು ಮೇಲಕ್ಕೆ ಬಂದು ಗಾಳೀಲಿರೋ ಓಝೋನಿಂದ ರಬ್ಬರನ್ನ ಕಾಪಾಡುತ್ತೆ. ಓಡದೇ ನಿಂತ ಟೈರಲ್ಲಿ ಆ ಕೆಲಸ ಸರಿಯಾಗಿ ಆಗಲ್ಲ. ಹಾಗಾಗಿ ಕಮ್ಮಿ ಓಡಿದೆ, ಇನ್ನೂ ಹೊಸದೇ ಅನ್ನೋ ಮಾತನ್ನ ನಂಬಲೇಬೇಡಿ. ಐದು ವರ್ಷ ಆದ ಮೇಲೆ ಪ್ರತಿ ವರ್ಷ ಚೆಕ್ ಮಾಡಿಸಿ, ಬಟನ್ ಎಷ್ಟೇ ಇದ್ರೂ ಹತ್ತು ವರ್ಷದ ಮೇಲೆ ಬೇಡವೇ ಬೇಡ ಅಂತ ದೊಡ್ಡ ಟೈರ್ ಕಂಪನಿಗಳೇ ಹೇಳ್ತವೆ.

ವಯಸ್ಸು ಗೊತ್ತಾಗೋದು ಸುಲಭ. ಟೈರ್ ಪಕ್ಕದಲ್ಲಿ ಇಂಗ್ಲಿಷಲ್ಲಿ ಡಾಟ್ (DOT) ಅಂತ ಬರೆದಿರೋ ಸಾಲಿನ ಕೊನೇಲಿ ನಾಲ್ಕು ಅಂಕಿ ಒತ್ತಿರ್ತಾರೆ, ಕೆಲವು ಸಲ ಒಂದು ಮಗ್ಗುಲಲ್ಲಿ ಮಾತ್ರ ಇರುತ್ತೆ. ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ, ಕೊನೆ ಎರಡು ಅಂಕಿ ವರ್ಷ. ನನಗೆ ಬ್ರಾಂಡ್ ನ್ಯೂ ಅಂತ ಒಬ್ಬರು ತೋರಿಸಿದ ಟೈರ್ ಮೇಲೆ 2219 ಅಂತ ಇತ್ತು, ಅಂದ್ರೆ 2019ರ ಮೇ ಕೊನೆ. "ಇದು ಐದು ವರ್ಷ ದಾಟಿದ ಮಾಲು ಅಲ್ವಾ" ಅಂದೆ. "ಮೇಡಂ ಒಂದು ದಿನ ಓಡಿಲ್ಲ, ಟ್ರೈಲರ್‌ಗೆ ತಾನೆ" ಅಂದ್ರು. ಬೇಡ ಅಂದಿದ್ದಕ್ಕೆ, "ನೀವು ಯಜಮಾನ್ರನ್ನ ಕಳ್ಸಿ, ನಾನು ಅವರ ಹತ್ರ ಮಾತಾಡ್ತೀನಿ" ಅಂದ್ರು. ಪಕ್ಕದಲ್ಲಿ ನಿಂತಿದ್ದ ನಮ್ಮ ಡ್ರೈವರಣ್ಣನಿಗೇ ಸಿಟ್ಟು ಬಂದು, "ತೋಟದ ಯಜಮಾನ್ರು ಇವರೇ, ಏನಿದ್ರೂ ಅಮ್ಮನ ಹತ್ರಾನೇ ಮಾತಾಡಿ" ಅಂದ. ಆ ಅಂಗಡಿಗೆ ಇನ್ನು ಪಂಚರ್ ಹಾಕಿಸೋಕೂ ಹೋಗಲ್ಲ.

ಹೊಸ ಟೈರ್ ಆಯ್ಕೆ ಮಾಡಿದ್ದು ಹೇಗೆ ಅಂತ ಕೆಲವರು ಕೇಳಿದ್ರಿ, ಹೇಳ್ತೀನಿ. ನಮ್ಮದು 9.00-16 ಸೈಜು. ಆ ಅಂಕಿಗಳ ಮಧ್ಯದಲ್ಲಿ ಅಡ್ಡಗೀಟು ಇದ್ರೆ ನೈಲಾನ್ ಟೈರ್, ಆರ್ ಅಂತ ಇದ್ರೆ ರೇಡಿಯಲ್. ರೇಡಿಯಲ್ ಓಡುವಾಗ ಕಡಿಮೆ ಬಿಸಿ ಆಗುತ್ತೆ, ಹೈವೇಲಿ ದೂರ ಓಡಿಸೋ ಗಾಡಿಗೆ ಅದೇ ಸರಿ. ಆದ್ರೆ ನಮ್ಮ ತೋಟದೊಳಗೆ ಚೂಪು ಕಲ್ಲು, ಕಡಿದು ಬಿಟ್ಟಿರೋ ಕಾಫಿ ಬೊಡ್ಡೆ, ಸಿಲ್ವರ್ ಓಕ್ ಮರದ ಬೇರು ಎಲ್ಲಾ ಟೈರ್ ಪಕ್ಕಕ್ಕೇ ಉಜ್ಜೋದು, ಅದಕ್ಕೆ ದಪ್ಪ ಪಕ್ಕದ ನೈಲಾನೇ ಆರಿಸಿದೆ. 16 ಪಿಆರ್. ಪಿಆರ್ ಅಂದ್ರೆ ಪ್ಲೈ ರೇಟಿಂಗ್, ಒಳಗೆ ಹದಿನಾರು ಪದರ ಇದೆ ಅಂತಲ್ಲ, ಹಿಂದೆ ಹತ್ತಿ ದಾರದ ಪದರ ಹಾಕ್ತಿದ್ದ ಕಾಲದಿಂದ ಉಳಿದಿರೋ ಅಳತೆ ಅದು, ಈಗ ಅಷ್ಟು ಬಲ ಅಂತ ಅರ್ಥ. ಪಿಆರ್ ನೋಡಿ ಸುಮ್ಮನಾಗಬೇಡಿ, ಎಷ್ಟು ಭಾರ ಹೊರುತ್ತೆ ಅಂತ ಹೇಳೋ ಲೋಡ್ ಇಂಡೆಕ್ಸ್ ನಂಬರೂ ನೋಡಿ. 130 ಅಂದ್ರೆ ಒಂದು ಟೈರಿಗೆ 1900 ಕೆಜಿ, 140 ಅಂದ್ರೆ 2500 ಕೆಜಿ. ಪಕ್ಕದಲ್ಲಿ ಎ8 ಅಂತ ಇದ್ರೆ ಆ ಭಾರ ಗಂಟೆಗೆ 40 ಕಿಮೀ ತನಕ ಮಾತ್ರ. ನಮ್ಮ ಲೋಡಿಗೆ 130 ಅಂಚಿಗೆ ಬಂತು, ಅದಕ್ಕೇ ಅದರ ಮೇಲಿನದೇ ಬೇಕು ಅಂತ ಹಟ ಮಾಡಿ ತಗೊಂಡೆ.

ಬಟನ್ ಬಗ್ಗೆ ಡ್ರೈವರಣ್ಣನಿಗೂ ನನಗೂ ಒಂದು ಸುತ್ತು ವಾದ ಆಯ್ತು. ಕೆಸರಿಗೆ ದಪ್ಪ ಗಟ್ಟಿ ಬಟನ್ ಇರೋದು ಬೇಕು ಅಂತ ಅವನು. ಟ್ರೈಲರ್ ಚಕ್ರ ಎಳೆಯಲ್ಲ, ತಿರುಗಿಸಲ್ಲ, ಹಿಂದೆ ಉರುಳ್ತಾ ಭಾರ ಹೊರುತ್ತೆ ಅಷ್ಟೇ, ಅದಕ್ಕೆ ಉದ್ದುದ್ದ ಪಟ್ಟಿ ಇರೋದೇ ಸಾಕು ಅಂತ ನಾನು. ಅಮೆರಿಕದಲ್ಲಿ ಕಾರು, ಪಿಕಪ್ ಹಿಂದೆ ಮನೆಯಂಥ ಟ್ರೈಲರ್ ಕಟ್ಕೊಂಡು ಊರೂರು ಸುತ್ತುತಾರಲ್ಲ, ಅವಕ್ಕೆ ಎಸ್‌ಟಿ (ಸ್ಪೆಷಲ್ ಟ್ರೈಲರ್) ಅಂತ ಟ್ರೈಲರ್‌ಗೇ ಅಂತ ಬೇರೆ ಟೈರ್ ಮಾಡ್ತಾರೆ. ಪಕ್ಕ ಗಟ್ಟಿ, ಭಾರ ಹೊರೋದೇ ಮುಖ್ಯ, ಎಳೆಯೋದು ತಿರುಗಿಸೋದು ಅದರ ಕೆಲಸ ಅಲ್ಲ. ಅಲ್ಲೂ ತಿಂಗಳುಗಟ್ಟಲೆ ನಿಂತು ವಯಸ್ಸಾಗೋದು, ಗಾಳಿ ಕಮ್ಮಿ ಇಟ್ಟು ಬಿಸಿಯಾಗಿ ಒಡೆಯೋದು, ಎಲ್ಲಾ ನಮ್ಮದೇ ಕಥೆ.

ಟೈರ್ ಜೊತೆ ಟ್ಯೂಬ್, ಫ್ಲಾಪ್ (ಟ್ಯೂಬಿಗೂ ರಿಮ್ಮಿಗೂ ಮಧ್ಯೆ ಹಾಕೋ ರಬ್ಬರ್ ಪಟ್ಟಿ) ಎರಡೂ ಹೊಸದೇ ಹಾಕಿಸಿದೆ. ಹೊಸ ಟೈರೊಳಗೆ ಹಿಗ್ಗಿ ಹೋಗಿರೋ ಹಳೆ ಟ್ಯೂಬ್ ತುರುಕಿದ್ರೆ ಮಡಿಕೆ ಬಿದ್ದು ಅಲ್ಲೇ ಉಜ್ಜಿ ಪಂಚರ್ ಆಗುತ್ತೆ. ಪಂಚರ್ ಶಾಪ್ ಕಾಕ ರಿಮ್ಮಿನ ತುಕ್ಕನ್ನೂ ಬ್ರಷ್ ಹಾಕಿ ಉಜ್ಜಿ ತೆಗೆದು ಕೂರಿಸಿದ್ರು, ನಾನು ಹೇಳಿಯೂ ಇರಲಿಲ್ಲ. ಅಂಥ ಕೆಲಸಗಾರರನ್ನ ನೋಡಿದ್ರೆ ಮನಸ್ಸು ತುಂಬಿ ಬರುತ್ತೆ.

ಹಾಕಿಸಿದ ಕೂಡಲೇ ಫುಲ್ ಲೋಡ್ ಹಾಕಲಿಲ್ಲ. ಮೊದಲು ಖಾಲಿ, ಆಮೇಲೆ ಅರ್ಧ ಲೋಡಲ್ಲಿ ತೋಟದೊಳಗೆ, ಆಮೇಲೆ ಪೂರ್ತಿ ಲೋಡಲ್ಲಿ ರೋಡಿಗೆ. ಗಾಳಿ ಬೆಳಿಗ್ಗೆ ಓಡಿಸೋ ಮುಂಚೆ ಟೈರ್ ತಣ್ಣಗಿದ್ದಾಗ್ಲೇ ನೋಡ್ಬೇಕು, ಓಡಿ ಬಿಸಿಯಾದ ಮೇಲೆ ಪ್ರೆಶರ್ ಜಾಸ್ತಿ ತೋರಿಸುತ್ತೆ ಅಂತ ಗಾಳಿ ಬಿಡಬಾರದು. ನಮ್ಮ ಕಡೆ ರೋಡ್ ಕೆಟ್ಟಿದೆ, ಕುಲುಕಾಟ ಕಮ್ಮಿ ಆಗಲಿ ಅಂತ ಗಾಳಿ ಇಳಿಸಿ ಓಡಿಸೋ ಚಾಳಿ ಬೇರೆ ಇದೆ. ಗಾಳಿ ಕಮ್ಮಿ ಆದಷ್ಟೂ ಪಕ್ಕ ಮಡಚಿ ಮಡಚಿ ಒಳಗೇ ಬಿಸಿಯೇರಿ ರಬ್ಬರಿನೊಳಗಿನ ದಾರ ಬಿಡುತ್ತೆ, ಒಡೆಯೋದು ಆಮೇಲೆ ಯಾವತ್ತೋ. ಇವತ್ತು ಹೋಗ್ತಾ ಆಲ್ದೂರಲ್ಲಿ ನಿಲ್ಲಿಸಿ ಎರಡೂ ಟೈರ್ ಮುಟ್ಟಿ ನೋಡಿದೆ, ಎರಡೂ ಒಂದೇ ಸಮ ಬೆಚ್ಚಗಿದ್ವು. ಒಂದು ಮಾತ್ರ ಸುಡ್ತಿದ್ರೆ ಗಾಳಿ ಇಲ್ಲಾ ಬೇರಿಂಗ್ ಎರಡರಲ್ಲೊಂದು ತೊಂದರೆ ಅಂತಾನೇ. ನಟ್ ಒಂದ್ಸಲ ಬಿಗಿ ಮಾಡಿಸಿದೆ, ಹೊಸದಾಗಿ ಕೂರಿಸಿದ ಚಕ್ರದ ನಟ್ ಐವತ್ತು ನೂರು ಕಿಮೀ ಒಳಗೆ ಸಡಿಲ ಆಗೋದುಂಟು.

ವ್ಯತ್ಯಾಸ ಹೇಳ್ತೀನಿ ಕೇಳಿ. ಮುಂಚೆ ತಿರುವಲ್ಲಿ ಟ್ರೈಲರ್ ಹಿಂದೆ ಆ ಕಡೆ ಈ ಕಡೆ ಓಲಾಡೋದು, ಡ್ರೈವರಣ್ಣ ತಿರುಗಿ ತಿರುಗಿ ನೋಡ್ಕೊಂಡೇ ಓಡಿಸೋನು. ಇವತ್ತು ಮೂಟೆ ತುಂಬಿದ್ರೂ ಟ್ರ್ಯಾಕ್ಟರ್ ಹೋದ ಜಾಡಲ್ಲೇ ಬಂತು. "ಅಮ್ಮ, ಹಿಂದೆ ಲೋಡ್ ಇದೆ ಅಂತಾನೇ ಅನ್ಸಲ್ಲ" ಅಂದ. ಅವನ ಮುಖದಲ್ಲಿ ಆ ನೆಮ್ಮದಿ ನೋಡಿ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಟೈರಿಗೆ ಕೊಟ್ಟ ದುಡ್ಡು ಅಲ್ಲೇ ವಾಪಸ್ ಬಂತು ಅಂದ್ಕೊಂಡೆ. ಖಾಲಿ ಇದ್ದಾಗ ಮಾತ್ರ ಹಳೆ ಟೈರಿಗಿಂತ ಜಾಸ್ತಿ ಕುಣಿಯುತ್ತೆ, ಪಕ್ಕ ಗಟ್ಟಿ ಇರೋದಕ್ಕೆ. ಖಾಲಿ ಬರುವಾಗ ನಿಧಾನ ಬಂದ್ರೆ ಆಯ್ತು.

ಈಗ ಬರುತ್ತೆ ವಾದ, ನನಗೆ ಗೊತ್ತು. ನಿಧಾನ ಓಡೋ ಗಾಡಿ, ವರ್ಷದಲ್ಲಿ ನಾಲ್ಕು ತಿಂಗಳ ಕೆಲಸ, ಗೊಬ್ಬರ ಕೂಲಿ ಎಲ್ಲಾ ಏರಿರೋ ಕಾಲದಲ್ಲಿ ಇದಕ್ಕೆ ಇಷ್ಟು ಖರ್ಚಾ ಅಂತ. ಹಳೆ ಟೈರಿಗೇ ಹೊಸ ಬಟನ್ ಅಂಟಿಸಿ ರೀಬಟನ್ ಹಾಕಿಸಿದ್ರೆ ಅರ್ಧಕ್ಕರ್ಧ ಉಳಿಯುತ್ತೆ ಅಂತ. ಒಳಗಿನ ಕೇಸಿಂಗ್, ಅಂದ್ರೆ ಬಟನ್ ಬಿಟ್ಟು ಉಳಿದ ಟೈರ್, ಗಟ್ಟಿ ಇದ್ರೆ ರೀಬಟನ್ ಕೆಟ್ಟದ್ದೇನಲ್ಲ, ಬಸ್ಸು ಲಾರಿಯವರು ಲೆಕ್ಕ ಇಟ್ಟು ಮಾಡಿಸ್ತಾರೆ. ಆದ್ರೆ ಬಿಸಿಲಲ್ಲಿ ವರ್ಷಗಟ್ಟಲೆ ನಿಂತು ಪಕ್ಕ ಬಿರುಕು ಬಿಟ್ಟಿರೋ ಟೈರಿಗೆ ಮೇಲೊಂದು ಹೊಸ ಬಟನ್ ಅಂಟಿಸಿದ್ರೆ ಒಳಗಿನ ವಯಸ್ಸು ಎಲ್ಲಿ ಹೋಗುತ್ತೆ? ನಿಧಾನ ಓಡುತ್ತೆ ಅನ್ನೋದೂ ಮಾತಲ್ಲ, ಇಳಿಜಾರಲ್ಲಿ 4 ಟನ್ ತಳ್ಕೊಂಡು ಬರುವಾಗ 20 ಕಿಮೀ ಸ್ಪೀಡೂ ಸಾಕು ಮನುಷ್ಯನ್ನ ಗಾಡಿ ಕೆಳಗೆ ಹಾಕೋಕೆ. ಮನೆ ಕಾರಿಗೆ ಟೈರ್ ಹಾಕಿಸುವಾಗ ಯಾರೂ ಕಾರಿಗೆ ತಾನೆ ಅನ್ನಲ್ಲ, ಯಾಕಂದ್ರೆ ಅದರಲ್ಲಿ ನಮ್ಮ ಮಕ್ಕಳು ಕೂರ್ತಾರೆ. ಟ್ರ್ಯಾಕ್ಟರ್ ಮೇಲೆ ಕೂರೋನೂ ಒಬ್ಬರ ಮಗನೇ. ಇದನ್ನ ಹೇಳಿದ್ರೆ ಬೆಳೆಗಾರರ ಸಂಘದ ಮೀಟಿಂಗಲ್ಲಿ ಕೆಲವರಿಗೆ ಬೇಜಾರಾಗುತ್ತೆ, ಆಗಲಿ.

ಇನ್ನು ನಮ್ಮ ನೀರಿನ ಟ್ಯಾಂಕರ್ ಟ್ರೈಲರ್ ಬಾಕಿ ಇದೆ. ನೀರು ಒಳಗೇ ಅಲ್ಲಾಡಿ ಭಾರ ಆ ಕಡೆ ಈ ಕಡೆ ಹೋಗುತ್ತೆ, ಅದಕ್ಕೆ ಇನ್ನೂ ಭಯ. ಕಾಫಿ ಹೂವಿಗೆ ನೀರು ಕೊಡೋ ಹೊತ್ತಿಗೆ ಅದು ರೆಡಿ ಆಗಬೇಕು. ಸೈಜು ಅದೇ 9.00-16, 16 ಪಿಆರ್. ಚಿಕ್ಕಮಗಳೂರು, ಸಕಲೇಶಪುರ ಕಡೆ ಒಂದು ವರ್ಷದೊಳಗಿನ ಸ್ಟಾಕ್ ಇಟ್ಟಿರೋ ಅಂಗಡಿ ಯಾರಿಗಾದ್ರೂ ಗೊತ್ತಿದ್ರೆ ತಿಳಿಸಿ, ಆ ನಾಲ್ಕು ಅಂಕಿ ಫೋಟೋ ತೆಗೆದು ಕಳ್ಸಿದ್ರೆ ನಾಳೆನೇ ಹೊರಟು ಬರ್ತೀನಿ.